ಬೆನ್ನಿನ ಅಚ್ಚು

೧೯೭೧ರಲ್ಲಿ ಕುರುಗೋಡಿನ ನಮ್ಮ ಗರಡಿಯಲ್ಲಿ ದಿನಾ ಒಂದೇ ವಾದ: ನಮ್ಮೂರ ಕೊಟ್ರಬಸಪ್ಪನೂ ಕಂಟೋನ್ಮೆಂಟಿನ ಗೌಸಸಾಬನೂ ಕುಸ್ತಿ ಹಿಡಿದಿದ್ದರೆ ಗೆಲ್ಲುತ್ತಿದ್ದವರು ಯಾರು? ಇಬ್ಬರೂ ಎದುರಾಗುವ ಮೊದಲೇ ಸತ್ತಿದ್ದರಿಂದ ವಾದಕ್ಕೆ ಅಡ್ಡಿಯಿರಲಿಲ್ಲ. ಕೊಟ್ರಬಸಪ್ಪನ ಅಣ್ಣ, ನಮಗೆ ಪಟ್ಟು ಕಲಿಸುತ್ತಿದ್ದ ಉಸ್ತಾದ್ ವಿರೂಪಾಕ್ಷಪ್ಪ ಮಾತ್ರ, "ಸಾಯೂದ್ರೊಳಗ ನನಗದು ಗೊತ್ತಾಗಬೇಕಲೇ" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಬೀಗ ಹಾಕಿದ ಗರಡಿಯೊಳಗೆ ತೊಡೆ ತಟ್ಟಿದ ಸದ್ದಾಯಿತು. ನಾನೂ ಉಸ್ತಾದರೂ ಬೀಗ ತೆಗೆದು ನೋಡಿದರೆ ಯಾರೂ ಇಲ್ಲ. ಬೆಳಿಗ್ಗೆ ನಾನೇ ಸಮ ಮಾಡಿದ್ದ ಮಣ್ಣಿನಲ್ಲಿ ಅಗಲವಾದ ಬೆನ್ನಿನ ಅಚ್ಚು ತೋಳುಗಳ ಸಮೇತ ಮೂಡಿತ್ತು. ಮುಟ್ಟಿದರೆ ಬೆಚ್ಚಗಿತ್ತು.

"ಗೌಸಸಾಬನ ತೋಳಾಗ ತಾಯತ ಇರ್ತಿತ್ತು. ಅದರ ಗುರ್ತು ಬಿದ್ದೈತೇನು ನೋಡ್ರಿ," ಅಂದೆ.

ಉಸ್ತಾದರು ಮೊಣಕಾಲೂರಿ ನೋಡಿದರು. ನಾನು ಬಗ್ಗುವಷ್ಟರಲ್ಲಿ ಅಂಗೈಯಿಂದ ಮಣ್ಣು ಸವರಿಬಿಟ್ಟರು.

"ಯಾರ್ರಿ ಸೋತೋರು?"

"ಬೀಗ ಹಾಕಲೇ."

ಆಮೇಲೆ ಆರು ವರ್ಷ ಬದುಕಿದರೂ ಅವರು ಹೇಳಲಿಲ್ಲ. ಆ ಮಣ್ಣನ್ನು ನಾನು ಈಗಲೂ ದಿನಾ ಸಮ ಮಾಡುತ್ತೇನೆ. ಅವರು ಸವರಿದ ಜಾಗ ಚಳಿಗಾಲದಲ್ಲೂ ಬೆಚ್ಚಗಿರುತ್ತದೆ.