ಸ್ವಿಚ್ಚಿನ ಮೇಲಿನ ಕೈ

ಹೆಣ್ಣು ನೋಡಲು ಬರುವ ದಿನವೇ ಪಡಸಾಲೆಯ ಬಲ್ಬು ಟಪ್ಪೆಂದು ಹೋಗಬೇಕೇ? ಓಬಕ್ಕನಿಗೆ ಬೆಳಿಗ್ಗೆಯೇ ಅದು ಅಪಶಕುನವೆನಿಸಿತ್ತು. ಹರಿಹರದ ಗಂಡಿನ ಕಡೆಯವರು ದೀಪ ಹಚ್ಚುವ ಹೊತ್ತಿಗೆ ಬರುವವರು. ಒಪ್ಪಿದರೆ ಇವತ್ತೇ ವೀಳ್ಯ. ಗಂಡ ತೀರಿಕೊಂಡ ಮೇಲೆ ಕೆ.ಬಿ. ಬಡಾವಣೆಯ ಆ ಮನೆಯಲ್ಲಿ ಅವಳ ಮಾತೇ ಮಾತು. ಮಗಳು ನೀಲಕ್ಕನನ್ನು ಒಂದು ಮಾತು ಕೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಕೇಳಿದ್ದರೆ ನೀಲಕ್ಕ ಒಂದೇ ಹೆಸರು ಹೇಳುತ್ತಿದ್ದಳು. ಆ ಹೆಸರಿನವನೇ ಈಗ ಮೇಜಿನ ಮೇಲೆ ಸ್ಟೂಲಿಟ್ಟು ಹತ್ತಿ, ದೀಪಕ್ಕೆ ಮುಚ್ಚಿದ್ದ ಗಾಜಿನ ಬಟ್ಟಲು ಬಿಚ್ಚುತ್ತಿದ್ದ. ಏಕಾಂತಪ್ಪ. ಹೋದ ವರ್ಷ ಇದೇ ಮನೆಗೆ ವೈರಿಂಗ್ ಮಾಡುವಾಗ, ಅವಳು ಕೊಡುವ ಮಜ್ಜಿಗೆಯ ಆಸೆಗೆ ಕೆಲಸವನ್ನು ಬೇಕೆಂದೇ ಎಳೆದ ಭೂಪ.

"ಮೇನ್ ಆಫ್ ಮಾಡ್ತೀನ್ರಿ ಅವ್ವಾರ," ಎಂದಿದ್ದ ಹತ್ತುವ ಮೊದಲು.

"ಬ್ಯಾಡಪ್ಪಾ! ದೇವರ ಮುಂದಿನ ಜೀರೋ ಬಲ್ಬು ಆರತೈತಿ. ಇವತ್ತೊಂದಿನ ಅದು ಆರಬಾರ್ದು."

ಪಡಸಾಲೆಯ ಸ್ವಿಚ್ಚೊಂದನ್ನೇ ಆಫ್ ಮಾಡಿ ಅವನು ಹತ್ತಿದ್ದ. ಓಬಕ್ಕ ದೇವರ ಕೋಣೆಗೆ ಹೋಗಿ ಪೂಜೆಯ ಗಂಟೆ ಬಾರಿಸತೊಡಗಿದ್ದಳು. ನೀಲಕ್ಕನಿಗೆ ಯಾಕೋ ಸಮಾಧಾನವಿಲ್ಲ. ಕಿಟಕಿಯಾಚೆ ಆಕಾಶ ಧೂಳು ಕವಿದು ಕೆಂಪಗಾಗಿತ್ತು. ಬೇವಿನ ಮರದಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.

ಅವನು ಬಟ್ಟಲನ್ನು ಅವಳ ಕೈಗೆ ಇಳಿಸಿ ಕೊಟ್ಟ. ಅದರ ತಳದ ತುಂಬ ಸತ್ತ ದೀಪದ ಹುಳಗಳು. ಬೆರಳಿಗೆ ಬೆರಳು ತಾಗಿತು. ಅವನು ಬೇಗ ಬಿಡಲಿಲ್ಲ, ಅವಳೂ ಎಳೆದುಕೊಳ್ಳಲಿಲ್ಲ.

"ಭಾಳ ಚಂದ ಕಾಣ್ತಿ. ಹರಿಹರದೋರು ನೋಡಿದ್ ಕೂಡ್ಲೇ ಒಪ್ತಾರ."

"ಸಾಕು, ಸುಮ್ನಿರ್ರಿ."

"ನಿಮ್ಮವ್ವಗ ಯಾವಾಗ ಹೇಳ್ತಿ?"

"ಹೆಂಗೆ ಹೇಳ್ಲಿ? ಅವ್ವನ ಮುಂದ ನಾಲಿಗೇನ ಏಳಂಗಿಲ್ಲ."

"ಇವತ್ತು ಹೇಳದಿದ್ರ ಇನ್ನ ಹೇಳೋದೇ ಬ್ಯಾಡ ನೀಲಾ. ವೀಳ್ಯ ಆದ್ಮ್ಯಾಲೆ ನಾನು ಈ ಬೀದಿಗೆ ಕಾಲಿಡಂಗಿಲ್ಲ."

ತಮಾಷೆ ಮಾಡುತ್ತಿದ್ದವನ ದನಿ ಒಮ್ಮೆಲೇ ಒಣಗಿತ್ತು. ನೀಲಕ್ಕ ಬಟ್ಟಲನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನಿಂತಳು.

ಹಳೆಯ ಬಲ್ಬಿನ ಗಾಜಷ್ಟೇ ಕಿತ್ತುಬಂತು. ಹಿತ್ತಾಳೆಯ ಬುಡ ಹೋಲ್ಡರಿನಲ್ಲೇ ಕಚ್ಚಿಕೊಂಡಿತು. ಅವನು ಒಂದು ಕೈಯಲ್ಲಿ ಫ್ಯಾನಿನ ಕಬ್ಬಿಣದ ಕೊಕ್ಕೆ ಹಿಡಿದು, ಇನ್ನೊಂದು ಕೈಯ ಬೆರಳನ್ನೇ ಒಳಗೆ ತೂರಿಸಿ ಬುಡವನ್ನು ಮೀಟತೊಡಗಿದ.

ಅಷ್ಟರಲ್ಲಿ ಹೊತ್ತು ಮುಳುಗಿತು. ದೇವರ ಕೋಣೆಯ ಗಂಟೆ ನಿಂತಿತು. ಓಬಕ್ಕ ಬಾಯಲ್ಲಿ ಶಿವನಾಮ ಗುನುಗುತ್ತಾ ಹೊರಬಂದಳು. ದೀಪ ಹಚ್ಚುವ ಹೊತ್ತಿನಲ್ಲಿ ಪಡಸಾಲೆ ಕತ್ತಲಿರುವುದೆಂದರೇನು, ಅದೂ ಇವತ್ತು! ಮೇಲೊಬ್ಬ ಹತ್ತಿದ್ದನ್ನೇ ಮರೆತು, ದಿನದ ರೂಢಿಯಂತೆ ಕಣ್ಣು ಅರೆಮುಚ್ಚಿ, ದೀಪಕ್ಕೆ ಕೈಮುಗಿಯುವ ಭಕ್ತಿಯಲ್ಲೇ ಅವಳ ಕೈ ಗೋಡೆಯ ಸ್ವಿಚ್ಚಿಗೆ ಹೋಯಿತು.

ನೀಲಕ್ಕ ಕೂಗಲು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಕೈಯಲ್ಲಿದ್ದ ಬಟ್ಟಲನ್ನು ಬಿಟ್ಟಳು. ಅದು ಫಳಾರನೆ ಒಡೆಯಿತು. ಆ ಚೂರುಗಳ ಮೇಲೇ ಓಡಿ ತಾಯಿಯ ಮಣಿಕಟ್ಟನ್ನು ಹಿಡಿದಳು.

"ಅವ್ರ ಕೈ ಒಳಗೈತಿ ಅವ್ವಾ! ಅವ್ರಿಗೇನಾರ ಆದ್ರ ನಾನು ಉಳಿಯಂಗಿಲ್ಲ!"

ಓಬಕ್ಕ ತನ್ನ ಬೆರಳು ನೋಡಿದಳು. ಅದು ಸ್ವಿಚ್ಚಿನ ಮೇಲೆಯೇ ಇತ್ತು, ಒತ್ತುವುದೊಂದು ಬಾಕಿ. ಮೇಲೆ ಏಕಾಂತಪ್ಪ ಉಸಿರು ಬಿಗಿಹಿಡಿದು ನಿಂತಿದ್ದ. ಕೆಳಗೆ ಮಗಳ ಪಾದದಿಂದ ರಕ್ತ ಹರಿಯುತ್ತಿತ್ತು, ಅವಳಿಗೆ ಅದರ ಪರಿವೆಯೇ ಇಲ್ಲ. ಕಣ್ಣೆಲ್ಲ ಮೇಲಿದ್ದವನ ಮೇಲೆ. ಓಬಕ್ಕ ಆ ನೋಟವನ್ನು ಬಹಳ ಹೊತ್ತು ನೋಡಿದಳು.

ಹೊರಗೆ ಟಾಂಗಾ ನಿಂತ ಸದ್ದಾಯಿತು.

"ಓಬಕ್ಕಾರೇ! ಯಾರೂ ಇಲ್ಲೇನ್ರಿ? ಮನಿ ಕತ್ಲೈತಲ್ಲ!" ಹರಿಹರದ ಹಿರಿಯ ಮಲ್ಲೇಶಪ್ಪನವರ ದನಿ.

ಮುಗಿಯಿತು ಅಂದುಕೊಂಡಳು ನೀಲಕ್ಕ. ಇನ್ನು ಅವ್ವ ಕಾಲಿಗೆ ಬಟ್ಟೆ ಸುತ್ತಿ, ಮೇಲೆ ಸೀರೆಯ ನೆರಿಗೆ ಇಳಿಬಿಟ್ಟು, ಹಸೆಯ ಮೇಲೆ ಕೂರಿಸುತ್ತಾಳೆ.

ಓಬಕ್ಕ ಕೈ ಬಿಡಿಸಿಕೊಂಡು ಬಾಗಿಲಿಗೆ ಹೋದಳು. ಬಂದವರಿಗೆ ದಾರಿ ಬಿಡದೆ ಹೊಸ್ತಿಲ ಮೇಲೇ ನಿಂತಳು.

"ತಪ್ಪು ತಿಳೀಬ್ಯಾಡ್ರಿ ಮಲ್ಲೇಶಪ್ಪಾರೆ. ನಮ್ಮ ಹುಡುಗೀನ ಕೊಟ್ಟಾಗೈತ್ರಿ."

"ಹಂಗಂದ್ರ? ಯಾವಾಗ ಕೊಟ್ರಿ?"

"ಈಗ್ಲೇ ಕೊಟ್ಟೆ," ಎಂದಳು ಓಬಕ್ಕ.