ಗುಟ್ಟಿನ ಮ್ಯಾಚು

“ಏಣಿ ಹಳೇದು! ಪಂಜರ ಹಳೇದು! ಇವತ್ತು ಹೊಸದೇನು, ಅದನ್ನ ಹೇಳು!”

ಕಿಟಕಿಯ ಕಟ್ಟೆಯ ಮೇಲೆ ಕುಳಿತಿದ್ದ ಹುಡುಗ ಕಾಲಾಡಿಸುತ್ತಾ ಕೂಗಿದ. ಉಳಿದವರೂ ದನಿಗೂಡಿಸಿದರು. ಹಾಸಿಗೆ ಅಂಗಡಿಯ ಹಿಂದಿನ ಕೋಣೆ ಮಕ್ಕಳಿಂದ ಕಿಕ್ಕಿರಿದಿತ್ತು. ಕೆಲವರು ಹತ್ತಿಯ ಮೂಟೆಗಳ ಮೇಲೆ, ಕೆಲವರು ಸುತ್ತಿಟ್ಟ ಬಟ್ಟೆಯ ಥಾನುಗಳ ಮೇಲೆ ಕುಳಿತಿದ್ದರು. ನಡುವೆ ನೆಲಕ್ಕೆ ಹಳೆಯ ಫೋಮ್ ಹಾಳೆಗಳನ್ನು ಹಾಸಿ ಸುತ್ತಲೂ ಹಗ್ಗ ಕಟ್ಟಿತ್ತು. ಅದೇ ರಿಂಗ್.

ರಿಂಗಿನೊಳಗೆ ನಿಂತಿದ್ದವಳು ಗಿಲಕಿ. ಬೆಳಗಿನಿಂದ ರಾತ್ರಿಯವರೆಗೆ ಅವಳ ಬಾಯಿ ಗಲಗಲ ಅನ್ನುತ್ತಲೇ ಇರುತ್ತದೆಂದು ಮನೆಯವರೇ ಇಟ್ಟ ಹೆಸರು ಅದು. ಅಂಗಡಿ ಅವಳ ಅಮ್ಮನದು. ಭಾನುವಾರ ಅಂಗಡಿಗೆ ರಜೆ, ಅಮ್ಮ ಮಹಡಿಯ ಮೇಲೆ ಮಲಗಿರುತ್ತಾಳೆ. ಆಗ ಹಿಂದಿನ ಕೋಣೆ ಗಿಲಕಿಯದೇ.

ಅವಳು ಸುರುಳಿ ಸುತ್ತಿದ ಫೋಮ್ ತುಂಡನ್ನು ಮೈಕಿನಂತೆ ಬಾಯಿಗೆ ಹಿಡಿದಳು.

“ಲೇಡೀಸ್ ಅಂಡ್ ಜಂಟಲ್‌ಮನ್! ಜಗತ್ತಲ್ಲೇ ಮೊದಲ ಸಲ, ಗುಟ್ಟಿನ ಮ್ಯಾಚ್! ಸೋತವರು ಯಾರಿಗೂ ಗೊತ್ತಿಲ್ಲದ ತಮ್ಮ ಗುಟ್ಟನ್ನ ಈ ಮೈಕಲ್ಲಿ ಹೇಳ್ಲೇಬೇಕು!”

“ಹೋ!” ಎಂದು ಕೋಣೆ ಕುಣಿಯಿತು.

ರಿಂಗಿನ ಒಂದು ಮೂಲೆಯಲ್ಲಿ ಟ್ಯಾಂಕಿ ನಿಂತಿದ್ದ. ಗಿಲಕಿಯ ದೊಡ್ಡಪ್ಪನ ಮಗ, ಹೆಸರಿಗೆ ತಕ್ಕ ಗಾತ್ರ. ಕನ್ನಡಕ ತೆಗೆದು ಜೋಪಾನವಾಗಿ ಮೂಟೆಯ ಮೇಲಿಟ್ಟ. ಇನ್ನೊಂದು ಮೂಲೆಯಲ್ಲಿ ಗಿಲಕಿಯ ಕ್ಲಾಸಿನವನೇ ಆದ ಸೊಳ್ಳೆ, ಉಫ್ ಅಂದರೆ ಹಾರಿಹೋಗುವಷ್ಟು ತೆಳ್ಳಗಿನ ಹುಡುಗ.

ಮೊದಲೆಲ್ಲ ಹೀಗಿರಲಿಲ್ಲ. ಶುರುವಿನಲ್ಲಿ ಏಣಿಯೂ ಇರಲಿಲ್ಲ, ಪಂಜರವೂ ಇರಲಿಲ್ಲ. ಟೀವಿಯ ರೆಸ್ಲಿಂಗ್‌ನಂತೆ ಇಬ್ಬರೂ ಸುಮ್ಮನೆ ಆಡುತ್ತಿದ್ದರು. ಯಾರು ಗೆಲ್ಲಬೇಕು ಎಂದು ಮೊದಲೇ ಮಾತಾಡಿಕೊಂಡಿರುತ್ತಿದ್ದರು, ನಿಜ. ಆದರೂ ನೋಡುವವರ ಎದೆ ಡವಡವ ಅನ್ನುತ್ತಿತ್ತು. ಸೊಳ್ಳೆ ಕೈಗೆ ಸಿಗದೆ ಟ್ಯಾಂಕಿಯ ಕಾಲ ಕೆಳಗೆ ನುಸುಳುತ್ತಿದ್ದ, ಬೆನ್ನೇರುತ್ತಿದ್ದ, ಕಿವಿ ಹಿಂಡುತ್ತಿದ್ದ. ಕೊನೆಗೆ ಟ್ಯಾಂಕಿ ಅವನನ್ನು ಎತ್ತಿ ಎಸೆದರೆ ಗಾಳಿಯಲ್ಲಿ ತಿರುಗಿ ‘ಧಬ್’ ಎಂದು ಬೀಳುತ್ತಿದ್ದ. ಬೀಳುವುದರಲ್ಲಿ ಅವನು ಎತ್ತಿದ ಕೈ. ಕಥೆ ಮುಗಿಯಿತು ಎಂದು ಎಲ್ಲರೂ ಉಸಿರು ಬಿಗಿಹಿಡಿದಾಗ ಒಂದೇ ಕಣ್ಣು ತೆರೆದು ನಗುತ್ತಿದ್ದ.

ಅಷ್ಟು ಚೆನ್ನಾಗಿ ಬೀಳುತ್ತಾನೆ ಅಂತಲೇ ಪ್ರತಿಸಲ ಸೋಲುವ ಕೆಲಸ ಅವನಿಗೆ. ಅದಕ್ಕೆ ಅವನು ಬೇಜಾರು ಮಾಡಿಕೊಂಡಿದ್ದಿಲ್ಲ.

ಒಂದು ಭಾನುವಾರ ಜನ ಕಡಿಮೆ ಬಂದರು. ಪಕ್ಕದ ಬೀದಿಗೆ ಯಾರದೋ ಹೊಸ ಗೇರ್ ಸೈಕಲ್ ಬಂದಿತ್ತು. ಯಾರೂ ಕೂರದ ಮೂಟೆಗಳನ್ನು ನೋಡಿ ಗಿಲಕಿಯ ಮುಖ ಇಷ್ಟೇ ಇಷ್ಟಾಯಿತು. ಮುಂದಿನ ವಾರ ಅವಳು ಇಬ್ಬರ ಕಣ್ಣಿಗೂ ಬಟ್ಟೆ ಕಟ್ಟಿ ಆಡಿಸಿದಳು. ಜನ ಬಿದ್ದು ಬಿದ್ದು ನಕ್ಕರು. ಅದರ ಮುಂದಿನ ವಾರವೂ ಬಂದರು, “ಇವತ್ತೇನು?” ಎಂದು ಕೇಳುತ್ತಾ.

ಅಲ್ಲಿಂದ ನಿಲ್ಲಿಸಲು ಆಗಲಿಲ್ಲ. ಏಣಿ ಮ್ಯಾಚ್ ಆಯಿತು. ಸೂರಿನಿಂದ ಸೊಳ್ಳೆಪರದೆ ಇಳಿಬಿಟ್ಟು ಪಂಜರದ ಮ್ಯಾಚ್ ಆಯಿತು. “ಸೊಳ್ಳೆಪರದೆ ಒಳಗೇ ಸೊಳ್ಳೆ!” ಎಂದು ಗಿಲಕಿ ಕೂಗಿದಾಗ ಚಪ್ಪಾಳೆಯೋ ಚಪ್ಪಾಳೆ. ಸೋತವರ ತಲೆಗೆ ನೀಲಿ ನೀರು ಸುರಿಯುವ ಮ್ಯಾಚೂ ಆಯಿತು. ಸೊಳ್ಳೆಯ ಕಿವಿಯ ಹಿಂದಿನ ನೀಲಿ ಎಷ್ಟು ಉಜ್ಜಿದರೂ ಬೇಗ ಹೋಗಲಿಲ್ಲ.

“ಒಂದ್ಸಲ ಸುಮ್ನೆ ಆಡೋಣ ಕಣೆ,” ಎಂದು ಸೊಳ್ಳೆ ಕೇಳಿದ್ದ. “ಟ್ಯಾಂಕಿ ಹೆಗಲ ಮೇಲಿಂದ ಹಿಂದಕ್ಕೆ ಪಲ್ಟಿ ಹೊಡೆಯೋದು ಕಲ್ತಿದೀನಿ.”

“ಬರೀ ಪಲ್ಟಿ ನೋಡೋಕೆ ಯಾರು ಬರ್ತಾರೋ?” ಎಂದಿದ್ದಳು ಗಿಲಕಿ.

ಹಿಂದಿನ ದಿನ, ಶನಿವಾರ, ಅವಳು ದೊಡ್ಡಪ್ಪನ ಮನೆಯಲ್ಲಿ ಟೀವಿ ನೋಡುತ್ತಿದ್ದಳು. ದೊಡ್ಡಪ್ಪ ಬಸ್ ಡ್ರೈವರ್, ರೆಸ್ಲಿಂಗ್ ಅಂದರೆ ಪ್ರಾಣ. ಟೀವಿಯಲ್ಲಿ ದೊಡ್ಡ ಕಬ್ಬಿಣದ ಪಂಜರ ಮೇಲಿಂದ ಇಳಿಯುತ್ತಿತ್ತು. ದೊಡ್ಡಪ್ಪ ಆಕಳಿಸಿ ಎದ್ದರು.

“ಎಲ್ಲಿಗೆ ಹೊರಟ್ರಿ ದೊಡ್ಡಪ್ಪಾ? ಪಂಜರ ಬಂತು!”

“ಬರ್ಲಿ ಬಿಡು ಮರಿ. ಮೊದಲೆಲ್ಲ ಇಬ್ರು ತಿಂಗಳುಗಟ್ಲೆ ಗುದ್ದಾಡಿ, ಇನ್ನು ಬೇರೆ ದಾರೀನೇ ಇಲ್ಲ ಅಂದಾಗ ಪಂಜರ ಇಳಿಸ್ತಿದ್ರು. ನಾವು ತಟ್ಟೇಲಿ ಕೈ ಇಟ್ಟೋರು ಊಟ ಮರೆತು ಹಾಗೇ ಕೂತಿರ್ತಿದ್ವಿ. ಈಗ ವಾರವಾರ ಪಂಜರ, ವಾರವಾರ ಏಣಿ, ಸಾಲದ್ದಕ್ಕೆ ಮೇಜಿಗೆ ಬೆಂಕಿ ಬೇರೆ. ನಾಳೆ ಆನೆ ತಂದು ನಿಲ್ಲಿಸಿದ್ರೂ ನಾನು ನೀರು ಕುಡಿಯೋಕೆ ಎದ್ದು ಹೋಗೋನೇ.”

ದೊಡ್ಡಪ್ಪ ಹೇಳಿದ್ದು ಗಿಲಕಿಗೆ ಕೇಳಿಸಿತು. ಆದರೆ ಅವಳ ತಲೆಯಲ್ಲಿ ಓಡಿದ್ದು ಒಂದೇ: ಹಾಗಾದರೆ ಪಂಜರಕ್ಕಿಂತಲೂ ದೊಡ್ಡದು ಬೇಕು.

ಹಾಗೆ ಹುಟ್ಟಿದ್ದು ಗುಟ್ಟಿನ ಮ್ಯಾಚು. ಸೊಳ್ಳೆ ಮೊದಲು ಒಪ್ಪಲಿಲ್ಲ.

“ಸುಳ್ಳು ಗುಟ್ಟು ಹೇಳು ಸಾಕು,” ಎಂದು ಗಿಲಕಿ ಪುಸಲಾಯಿಸಿದ್ದಳು. “ಚಾಕ್‌ಪೀಸ್ ತಿಂತೀನಿ ಅಂತ ಹೇಳ್ಬಿಡು.”

“ಅಷ್ಟೇ ತಾನೆ?”

“ಅಷ್ಟೇ. ಪ್ರಾಮಿಸ್.”

ಈಗ ತಟ್ಟೆ ಬಾರಿಸಿ ಮ್ಯಾಚ್ ಶುರುವಾಯಿತು. ಸೊಳ್ಳೆ ಟ್ಯಾಂಕಿಯ ಬೆನ್ನೇರಿದ, ಹೆಗಲ ಮೇಲೆ ನಿಂತ. ಅಲ್ಲಿಂದ ಹಿಂದಕ್ಕೆ ಬಿಲ್ಲಿನಂತೆ ಬಾಗಿ, ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ಬೆಕ್ಕಿನಂತೆ ಕಾಲೂರಿದ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆಂದು ಸುತ್ತ ನೋಡಿದ.

“ಬೇಗ ಸೋಲೋ!” ಎಂದ ಕಿಟಕಿಯ ಹುಡುಗ. “ಗುಟ್ಟು ಹೇಳು, ಗುಟ್ಟು!”

“ಗುಟ್ಟು! ಗುಟ್ಟು!”

ಸೊಳ್ಳೆ ಟ್ಯಾಂಕಿಯ ಕಡೆ ನೋಡಿದ. ಟ್ಯಾಂಕಿ ಅವನನ್ನು ಎತ್ತಿ ಎಸೆದ. ಧಬ್. ಸೊಳ್ಳೆ ಸೋತ. ಎದ್ದು ಬಂದು ಮೈಕಿನೊಳಗೆ ಹೇಳಿದ: “ನಾನು... ನಾನು ಚಾಕ್‌ಪೀಸ್ ತಿಂತೀನಿ.”

“ಅಯ್ಯೇ! ಇದೂ ಒಂದು ಗುಟ್ಟಾ?”

“ಚೀಟಿಂಗ್! ಎದ್ದೇಳ್ರೋ, ಹೋಗೋಣ. ಇನ್ಮೇಲೆ ಬರೋದೇ ಬೇಡ.”

ಒಬ್ಬೊಬ್ಬರೇ ಮೂಟೆಗಳಿಂದ ಇಳಿಯತೊಡಗಿದರು.

“ತಡೀರಿ, ತಡೀರಿ! ನಿಜವಾದ ಗುಟ್ಟು ನಾನು ಹೇಳ್ತೀನಿ!”

ಬಾಯಿ ಮುಂದೆ ಓಡಿಬಿಟ್ಟಿತು. ಗೋಡೆಗೆ ಒರಗಿಸಿ ಬೆಡ್‌ಶೀಟ್ ಹೊದಿಸಿದ್ದ ಒಂದು ಹಾಸಿಗೆಯ ಕಡೆ ಅವಳ ಕೈ ತಿರುಗಿತು.

“ಅದು ಯಾರ ಹಾಸಿಗೆ ಗೊತ್ತಾ? ಸೊಳ್ಳೇದು! ಒಳಗಿನ ಫೋಮ್ ಬದಲಾಯಿಸೋಕೆ ಬಂದಿದೆ. ಅವನು ಈಗ್ಲೂ ಹಾಸಿಗೇಲೇ ಉಚ್ಚೆ ಮಾಡ್ಕೊತಾನೆ!”

ಎದ್ದ ನಗುವಿಗೆ ಸೂರು ಹಾರಿಹೋಗುವಂತಾಯಿತು. ಏಣಿಗೂ ಪಂಜರಕ್ಕೂ ಯಾರೂ ಅಷ್ಟು ನಕ್ಕಿರಲಿಲ್ಲ. ಆ ನಗು ಕೇಳಿ ಗಿಲಕಿಗೆ ಒಂದೇ ಒಂದು ಕ್ಷಣ ಖುಷಿಯಾಯಿತು. ಹೌದು, ಖುಷಿಯೇ ಆಯಿತು.

ಆಮೇಲೆ ಸೊಳ್ಳೆಯ ಮುಖ ಕಂಡಿತು. ಅವನು ನಗುವವರನ್ನು ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ, ತಾನು ಕೇಳಿಸಿಕೊಂಡಿದ್ದು ಸರಿಯೋ ತಪ್ಪೋ ಎಂಬಂತೆ. ಹಗ್ಗಕ್ಕೆ ನೇತುಹಾಕಿದ್ದ ಶರ್ಟನ್ನು ಒಳಗು ಹೊರಗಾಗಿ ಹಾಕಿಕೊಂಡು, ಬಗ್ಗಿ, ಹಗ್ಗದ ಕೆಳಗಿಂದ ಹೊರಗೆ ಹೋದ.

ಟ್ಯಾಂಕಿ ಕನ್ನಡಕ ಹಾಕಿಕೊಂಡ. ಹಗ್ಗ ಬಿಚ್ಚತೊಡಗಿದ.

ಸೋಮವಾರ ಕ್ಲಾಸಿನಲ್ಲಿ ಸೊಳ್ಳೆ ಕೂರುವ ಜಾಗದಲ್ಲಿ ಯಾರೋ ನೀರು ಚೆಲ್ಲಿದ್ದರು.

“ಅಯ್ಯೋ, ಸ್ಕೂಲಲ್ಲೂ ಶುರುವಾಯ್ತಾ?” ಎಂದ ಭಾನುವಾರ ಕಿಟಕಿಯ ಕಟ್ಟೆಯ ಮೇಲೆ ಕುಳಿತಿದ್ದ ಹುಡುಗ, ಕೈಯಲ್ಲಿದ್ದ ನೀರಿನ ಬಾಟಲಿಗೆ ಮುಚ್ಚಳ ತಿರುಗಿಸುತ್ತಾ. ಕ್ಲಾಸೆಲ್ಲ ಕಿಸಕ್ಕೆಂದಿತು. ಸೊಳ್ಳೆ ಕರವಸ್ತ್ರ ತೆಗೆದು ಬೆಂಚು ಒರೆಸಿದ. ಹಿಂಡಿ ಮತ್ತೊಮ್ಮೆ ಒರೆಸಿದ. ಆಮೇಲೆ ಆ ಒದ್ದೆಯ ಮೇಲೇ ಕುಳಿತ.

ಟೀಚರ್ ಒಳಗೆ ಬಂದರು. “ಏನದು ಗಲಾಟೆ?”

‘ನೀರು ಹಾಕಿದ್ದು ಅವನು ಟೀಚರ್.’ ಇಷ್ಟೇ ಹೇಳಬೇಕಿತ್ತು. ಮೂರು ಬೀದಿ ದಾಟಿ ಕೇಳುವ ಗಂಟಲು ಗಿಲಕಿಯದು. ಆದರೆ ಆ ಗಂಟಲಿಂದ ಅವತ್ತು ಒಂದು ಅಕ್ಷರ ಹೊರಡಲಿಲ್ಲ. ಅವಳು ಪುಸ್ತಕ ತೆರೆದು ತಲೆ ತಗ್ಗಿಸಿದಳು.

ಸಂಜೆ ಅಂಗಡಿಯಲ್ಲಿ ಅಮ್ಮ ಉದ್ದನೆಯ ಸೂಜಿಯಿಂದ ಹಾಸಿಗೆಯ ಅಂಚು ಹೊಲಿಯುತ್ತಿದ್ದಳು. ಗಿಲಕಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ತನ್ನ ಎಂದಿನ ಜಾಗದಲ್ಲಿ, ಹೋಮ್‌ವರ್ಕ್ ಮಾಡುತ್ತಾ ಕುಳಿತಿದ್ದಳು. ಬಾಗಿಲಲ್ಲಿ ಬಿಳಿ ಬಟ್ಟೆ ಕಾಣಿಸಿತು. ಸೊಳ್ಳೆಯ ಅಮ್ಮ. ಆಸ್ಪತ್ರೆಯಲ್ಲಿ ನರ್ಸ್, ಡ್ಯೂಟಿಗೆ ಹೊರಟಿದ್ದವರು.

“ಅಕ್ಕಾ, ನಮ್ಮ ಹಾಸಿಗೆ ಹಾಗೇ ವಾಪಸ್ ಕೊಟ್ಬಿಡಿ.”

“ಯಾಕಮ್ಮಾ? ಫೋಮ್ ಕತ್ತರಿಸಿ ಇಟ್ಟಿದೀನಲ್ಲ. ಕವರ್ ಹೊಲಿದ್ರೆ ಮುಗೀತು.”

“ಅವನಿಗೆ ಬೇಡ್ವಂತೆ. ನೆಲದ ಮೇಲೇ ಮಲಗ್ತೀನಿ ಅಂತ ಹಟ ಹಿಡಿದಿದಾನೆ.”

ನರ್ಸಮ್ಮನ ಕಣ್ಣು ಮೇಜಿನ ಕೆಳಗಿದ್ದ ಗಿಲಕಿಯ ಮೇಲೆ ನಿಂತಿತು. ಈಗ ಹೇಳುತ್ತಾರೆ, ಈಗ ಹೇಳಿಯೇಬಿಡುತ್ತಾರೆ ಎಂದು ಗಿಲಕಿ ಪೆನ್ಸಿಲ್ಲನ್ನು ಬಿಗಿಯಾಗಿ ಹಿಡಿದಳು.

“ಹೋಮ್‌ವರ್ಕಾ ಪುಟ್ಟಿ?” ಎಂದರು ಅವರು. ಅಷ್ಟೇ. ಗಿಲಕಿಯ ಅಮ್ಮನ ಕಡೆ ತಿರುಗಿ, “ನಾಳೆ ಬಂದು ತಗೊಂಡು ಹೋಗ್ತೀನಿ ಅಕ್ಕಾ,” ಎಂದು ಹೊರಟುಹೋದರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗಿಲಕಿಯ ಕಿವಿ ಕಾದ ಹೆಂಚಿನಂತಾಯಿತು. ಅವಳು ಮೇಜಿನ ಕೆಳಗಿಂದ ಹೊರಬಂದು, ಅಮ್ಮನ ಸೆರಗಿನ ತುದಿ ಹಿಡಿದು, ಎಲ್ಲವನ್ನೂ ಹೇಳಿದಳು. ಸುಳ್ಳು ಗುಟ್ಟಿನ ವಿಷಯ, ಜನ ಎದ್ದು ಹೊರಟಿದ್ದು, ತಾನು ಹಾಸಿಗೆ ತೋರಿಸಿದ್ದು. ಖುಷಿಯಾಯಿತು ಎಂಬುದನ್ನೂ ಹೇಳಿದಳು.

ಅಮ್ಮನ ಸೂಜಿ ಬಟ್ಟೆಯ ಅರ್ಧದಲ್ಲೇ ನಿಂತಿತು. ಅಮ್ಮನ ಮುಖವೂ ಕೆಂಪಗಾಯಿತು.

“ಆಕೆ ಹಾಸಿಗೆ ತಂದ ದಿನ ಆ ಬಾಗಿಲಲ್ಲಿ ನಿಂತು, ಹಿಂದೆ ಮುಂದೆ ನೋಡಿ, ಯಾರೂ ಇಲ್ಲ ಅಂತ ಗೊತ್ತಾದ್ಮೇಲೆ ನನ್ನ ಹತ್ರ ಹೇಳ್ಕೊಂಡ್ಲು. ನೀನು ಮೇಜಿನ ಕೆಳಗಿದ್ದೆ, ನಂಗೆ ಗೊತ್ತಿತ್ತು. ನಮ್ಮ ಮಗೂನೇ ತಾನೆ ಅಂತ ಸುಮ್ನಿದ್ದೆ.”

ಅಮ್ಮ ಹೊಡೆಯಲಿಲ್ಲ. ಹಿಂದಿನ ಕೋಣೆಯಿಂದ ಆ ಹಾಸಿಗೆ ತಂದು, ಕೋಣೆಗೆ ಬೀಗ ಹಾಕಿ, ಹೊಸ ಫೋಮ್ ತುಂಬಿ ಹೊಲಿಯಲು ಕುಳಿತಳು. ಬೆಳಿಗ್ಗೆ ಅದನ್ನು ಶೀಟಿನಲ್ಲಿ ಸುತ್ತಿ ತಾನೊಬ್ಬಳೇ ಹೊತ್ತುಕೊಂಡು ಹೋದಳು. ‘ಹಿಡ್ಕೋ ಬಾ’ ಎಂದು ಗಿಲಕಿಯನ್ನು ಕರೆಯಲಿಲ್ಲ.

ಅವತ್ತು ಶಾಲೆ ಬಿಟ್ಟಮೇಲೆ ಆಟದ ಬಯಲಿನಲ್ಲಿ ಯಾರೂ ಇರಲಿಲ್ಲ. ಮೂಲೆಯಲ್ಲಿ, ಲಾಂಗ್‌ಜಂಪಿನ ಮರಳಿನ ಗುಂಡಿಯ ಹತ್ತಿರ ಮಾತ್ರ ಎರಡು ಬ್ಯಾಗು, ಎರಡು ಜೊತೆ ಶೂ ಇದ್ದವು. ಟ್ಯಾಂಕಿ ಮತ್ತು ಸೊಳ್ಳೆ ಆಡುತ್ತಿದ್ದರು. ಗಿಲಕಿ ದಾರಿಯುದ್ದಕ್ಕೂ ಯೋಚಿಸಿಕೊಂಡೇ ಬಂದಿದ್ದಳು. ಹತ್ತಿರ ಬಂದವಳೇ ಒಂದೇ ಉಸಿರಿಗೆ ಶುರುಮಾಡಿದಳು.

“ಕೇಳಿಲ್ಲಿ ಸೊಳ್ಳೆ, ಒಂದು ಐಡಿಯಾ. ಈ ಸಲ ನಾನು ಆಡ್ತೀನಿ, ನಾನೇ ಸೋಲ್ತೀನಿ. ಎಲ್ಲರ ಮುಂದೆ ನನ್ನ ಗುಟ್ಟು ಹೇಳ್ತೀನಿ, ಸುಳ್ಳಲ್ಲ, ನಿಜವಾದ್ದು. ತಲೆಗೆ ನೀಲಿ ನೀರೂ ಹಾಕಿಸ್ಕೊತೀನಿ. ಆಮೇಲೆ ರಿಂಗಲ್ಲೇ ನಿನ್ನ ಕಾಲಿಗೆ ಬಿದ್ದು ಸಾರಿ ಕೇಳ್ತೀನಿ. ಸಾರಿ ಮ್ಯಾಚ್!”

ಸೊಳ್ಳೆ ತೊಡೆಯ ಮೇಲಿನ ಮರಳು ಒರೆಸಿಕೊಂಡ.

“ಜನ ಬರ್ತಾರಾ?”

“ಬರ್ತಾರೆ! ಎಲ್ಲರನ್ನೂ ನಾನೇ ಕರೀತೀನಿ, ಕೋಣೆ ತುಂಬ್...”

ಅಷ್ಟರಲ್ಲಿ ಅವಳ ಮಾತು ಅವಳಿಗೇ ಕೇಳಿಸಿತು.

ಟ್ಯಾಂಕಿ ಮರಳಿನಲ್ಲಿ ಹೆಬ್ಬೆರಳಿಂದ ಗೆರೆ ಎಳೆಯುತ್ತಿದ್ದ. ಗಿಲಕಿ ಅತ್ತಿತ್ತ ನೋಡಿದಳು. ಬಯಲು ಖಾಲಿ.

“ನಾನು ಹೇಳಬಾರದಿತ್ತು,” ಎಂದಳು. ದನಿ ಅವಳದೇ ಅಲ್ಲ ಎನ್ನುವಷ್ಟು ಸಣ್ಣಗಿತ್ತು. “ಸಾರಿ ಕಣೋ.”

ಸೊಳ್ಳೆ ಪರವಾಗಿಲ್ಲ ಎನ್ನಲಿಲ್ಲ. ನಗಲೂ ಇಲ್ಲ.

“ಸ್ವಲ್ಪ ಆ ಕಡೆ ನಿಂತ್ಕೋ,” ಎಂದ. “ನಾನು ಬೀಳೋ ಜಾಗದಲ್ಲಿ ನಿಂತಿದೀಯ.”

ಗಿಲಕಿ ಗುಂಡಿಯ ಅಂಚಿಗೆ ಸರಿದಳು. ಇಬ್ಬರೂ ಮತ್ತೆ ಶುರುಮಾಡಿದರು. ಸೊಳ್ಳೆ ನುಸುಳಿದ, ಜಾರಿದ, ಬೆನ್ನೇರಿದ. ಟ್ಯಾಂಕಿ ಅವನನ್ನು ತಲೆಯೆತ್ತರಕ್ಕೆ ಎತ್ತಿದ. ಎಸೆಯುವ ಮುಂಚೆ ಅವನ ಒಂದು ಕೈ ಮೆಲ್ಲನೆ ಸೊಳ್ಳೆಯ ತಲೆಯ ಹಿಂದಕ್ಕೆ ಹೋಯಿತು. ಇಬ್ಬರೂ ಒಟ್ಟಿಗೇ ಬಿದ್ದರು. ಮರಳಿಗೆ ಮೊದಲು ತಗುಲಿದ್ದು ಸೊಳ್ಳೆಯ ತಲೆಯಲ್ಲ, ಟ್ಯಾಂಕಿಯ ಬೆರಳ ಗೆಣ್ಣುಗಳು.

ಆ ಗೆಣ್ಣುಗಳ ಮೇಲೆ ಹಳೆಯ ತರಚುಗಾಯಗಳಿದ್ದವು. ಕೆಲವು ಒಣಗಿದ್ದವು, ಕೆಲವು ಇನ್ನೂ ಹಸಿಯಾಗಿದ್ದವು.

ಬಿದ್ದಲ್ಲಿಂದಲೇ ಸೊಳ್ಳೆ ಟ್ಯಾಂಕಿಯ ತೋಳನ್ನು ಮೆತ್ತಗೆ ತಟ್ಟಿದ. ನನಗೇನೂ ಆಗಿಲ್ಲ ಎಂದು ಹೇಳುವ ಹಾಗೆ. ಟ್ಯಾಂಕಿ ಆಮೇಲೆಯೇ ಕೈ ತೆಗೆದ.

ಇಷ್ಟು ಭಾನುವಾರಗಳಲ್ಲಿ ಗಿಲಕಿ ಇದನ್ನು ಒಮ್ಮೆಯೂ ನೋಡಿರಲಿಲ್ಲ. ಅವರು ಬೀಳುವಾಗಲೆಲ್ಲ ಅವಳು ನೋಡುತ್ತಿದ್ದದ್ದು ಮೂಟೆಗಳ ಮೇಲೆ ಕುಳಿತವರ ಮುಖಗಳನ್ನು.

“ಇನ್ನೊಂದ್ಸಲ,” ಎಂದ ಸೊಳ್ಳೆ. ಹೇಳಿದ್ದು ಟ್ಯಾಂಕಿಗೆ.

ಗಿಲಕಿ ಹೆಗಲಿಂದ ಬ್ಯಾಗು ಇಳಿಸಿ ಅವರ ಬ್ಯಾಗುಗಳಿಂದ ಸ್ವಲ್ಪ ದೂರದಲ್ಲಿ ಇಟ್ಟಳು. ಮರಳಿನ ಅಂಚಿನಲ್ಲಿ ಮೊಣಕಾಲು ಅಪ್ಪಿಕೊಂಡು ಕುಳಿತು, ಟ್ಯಾಂಕಿಯ ಕೈಯನ್ನೇ ನೋಡತೊಡಗಿದಳು.