ಅಂಗಿಜೇಬಿನ ಧೂಳು

ತ್ರಿವೇಣಿ ನನ್ನ ಅಂಗಿಯ ಜೇಬಿನ ಧೂಳನ್ನು ಕಾಗದದ ಮೇಲೆ ಕೊಡವಿ, ಪೊಟ್ಟಣ ಕಟ್ಟಿ, ತನ್ನ ಬ್ಯಾಗಿಗೆ ಹಾಕಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡೆ.

ಕಂಪ್ಲಿಯಲ್ಲಿ ನಾನು ದುಡಿಯುವ ರೈಸ್ ಮಿಲ್ಲಿನ ಎದುರಿಗೇ ಅವಳು ಕೂರುವ ಜೆರಾಕ್ಸ್ ಅಂಗಡಿ. ಅಂಗಿ ಬಿಚ್ಚಿ ಬೈಕಿನ ಮೇಲೆ ಹಾಕಿ, ಕೈಕಾಲು ತೊಳೆಯಲು ಹೋಗಿದ್ದೆ. ಅಷ್ಟರಲ್ಲಿ ಈ ಕೆಲಸ.

ಇನ್ನೊಬ್ಬರ ಮೈಮೇಲಿನ ಧೂಳನ್ನು ಯಾರಾದರೂ ಯಾಕೆ ಒಯ್ಯುತ್ತಾರೆ? ಮಾಟಕ್ಕೆ. ನಮ್ಮವ್ವ ವಿರುಪಮ್ಮ ಚಿಕ್ಕಂದಿನಿಂದ ಹೇಳಿದ್ದು ಅದನ್ನೇ.

ಅನುಮಾನ ಮೊದಲೂ ಇತ್ತು. ಹೋದ ವರ್ಷ ಭುಜಕ್ಕೆ ಭುಜ ತಾಗಿಸಿ ಕೂತು ಮಿರ್ಚಿ ತಿಂದವಳು, ಎರಡು ತಿಂಗಳಿಂದ ನಾನು ಹತ್ತಿರ ಹೋದರೆ ವೇಲನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಸರಿಯುತ್ತಿದ್ದಳು. ವೇಲಿನ ಮೇಲಿನ ಕಣ್ಣು ಬಾ ಅನ್ನುತ್ತಿತ್ತು, ಕಾಲು ಹಿಂದೆ ಹೋಗುತ್ತಿತ್ತು. ಯಾವುದನ್ನು ನಂಬಲಿ? ಮನೆಗೆ ಬಂದು ಹೆಣ್ಣು ಕೇಳುತ್ತೇನೆಂದರೆ 'ತಡಿ' ಅನ್ನುತ್ತಿದ್ದಳು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಹಮಾಲಿ ಈಗ ನಾರತೊಡಗಿದನೇನೋ!

ಮರುದಿನ ಅವಳು ಹೊಸಪೇಟೆ ಬಸ್ಸು ಹತ್ತಿದ್ದು ಕಂಡು, ಮೂಟೆ ಹೊರುತ್ತಿದ್ದ ಬಟ್ಟೆಯಲ್ಲೇ ಬೈಕು ಹತ್ತಿ ಬೆನ್ನು ಬಿದ್ದೆ. ಅವಳು ಒಂದು ದವಾಖಾನೆ ಹೊಕ್ಕು, ಗಂಟೆಯ ಮೇಲೆ ಹೊರಬಂದಳು. ಅಡ್ಡ ನಿಂತೆ.

“ನನ್ನ ಧೂಳು ಯಾವ ಮಂತ್ರವಾದಿಗೆ ಕೊಟ್ಟಿ?”

“ಡಾಕ್ಟರಿಗೆ ಕೊಡಾಕ ಹೋಗಿದ್ದೆ. ಅವ್ರು ನಕ್ರು. ಇದನ್ನ ಚುಚ್ಚಂಗಿಲ್ಲವ್ವಾ, ಅಲರ್ಜಿ ಟೆಸ್ಟಿಗೆ ಬ್ಯಾರೆ ಬಾಟ್ಲಿ ಅದಾವು ಅಂದ್ರು. ನೋಡಿಲ್ಲಿ.”

ತೋಳು ಸರಿಸಿ ಮುಂಗೈ ತೋರಿಸಿದಳು. ಸಾಲಾಗಿ ಸೂಜಿಯ ಗುರುತು. ಒಂದು ಮಾತ್ರ ಸೊಳ್ಳೆ ಕಚ್ಚಿದಂತೆ ಉಬ್ಬಿ ಕೆಂಪಾಗಿತ್ತು.

“ಅದು ಭತ್ತದ ಧೂಳು. ಅಂದ್ರ ನೀನು.”

“ಸುಳ್ಳು! ಮೊದ್ಲು ನನ್ನ ಪಕ್ಕ ಕುಂತಾಗ ಏನೂ ಆಗಿದ್ದಿಲ್ಲ.”

“ಅವಾಗ ನನ್ನ ಮೈ ಬರೇ ಧೂಳಿನ ಗುರ್ತು ಹಿಡ್ಕಂತಿತ್ತಂತ. ಮೈಯಾಗ ಕಾವಲು ಕಾಯೋ ಕಣ ಇರ್ತಾವು ಹಂಪೇಶಾ. ರೋಗದ ಕ್ರಿಮಿ ಬಂದ್ರ ಬಡಿದು ಹಾಕ್ತಾವು, ಭಾಳ ನಿಯತ್ತು. ಆದ್ರ ನನ್ನವು ಧೂಳನ್ನೂ ಕಳ್ಳ ಅಂದ್ಕಂಡು, ಅದಕ್ಕಂತ ಹತಾರ ಮಾಡಿಟ್ಕಂಡಾವು. ಈಗ ಚೂರು ಒಳಗ ಹೋದ್ರೂ ಹತಾರ ಬೀಸ್ತಾವು. ಧೂಳಿಗೇನಾಗತೈತಿ? ನನ್ನ ಎದಿ ಬಿಗಿತೈತಿ. ಥೇಟ್ ನಿನ್ನಂಗ, ಸಂಶಯದ ಪ್ರಾಣಿಗಳು!”

ನಗಲು ಹೋದವಳಿಗೆ ಕೆಮ್ಮು ಹತ್ತಿತು. ಎದೆಯಿಂದ ಸಿಳ್ಳೆಯಂಥ ಸದ್ದು. ಹಿಡಿದುಕೊಳ್ಳಲು ಕೈ ಚಾಚಿದೆ. ಚಾಚಿದ ತೋಳಿನ ತುಂಬ ತೌಡಿನ ಪುಡಿ ಮೆತ್ತಿತ್ತು.

ಕೈ ಎಳೆದುಕೊಂಡು ರಸ್ತೆಯ ಆಚೆಗೆ ಓಡಿದೆ.

ಅವಳು ಇನ್‌ಹೇಲರ್ ತೆಗೆದು ಬಾಯಿಗಿಟ್ಟು ಎಳೆದಳು, ಮತ್ತೊಮ್ಮೆ ಎಳೆದಳು. ಅವಳ ಭುಜಗಳು ನಿಧಾನಕ್ಕೆ ಇಳಿಯುವ ತನಕ ನಾನೂ ಉಸಿರು ಬಿಡಲಿಲ್ಲ.

“ಮೊದ್ಲ ಯಾಕ ಹೇಳ್ಲಿಲ್ಲ?” ಅಲ್ಲಿಂದಲೇ ಕೂಗಿದೆ.

“ಹೇಳಿದ್ರ ಮಿಲ್ಲಿಗೇ ಬೆಂಕಿ ಇಡ್ತಿದ್ದಿ! ಏನು ಅಂತ ಖಾತ್ರಿ ಮಾಡ್ಕಂಡು ಹೇಳಾಣ ಅಂತ ತಡಿ ಅಂದೆ.”

ಹೌದು, ಇಡುತ್ತಿದ್ದೆ.

“ಮಿಲ್ ಬಿಡ್ತೀನಿ, ಲಾರಿ ಓಡಿಸ್ತೀನಿ! ಭಾನುವಾರ ಮನಿಗೆ ಬರ್ಲಾ?”

ನಡುವೆ ಒಂದು ಬಸ್ಸು ಹಾದುಹೋಯಿತು. ಅದು ಸರಿಯುವಷ್ಟರಲ್ಲಿ ಅವಳು ವೇಲನ್ನು ಮುಖದಿಂದ ಇಳಿಸಿದ್ದಳು. ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

“ಬಾ! ಆದ್ರ ತಲಿಗೆ ನೀರು ಹಾಕ್ಕಂಡು ಬಾ!”

ನನ್ನ ಪಕ್ಕದ ಆಟೋದವನು ತಲೆ ಹೊರಗೆ ಹಾಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಈಗಿಂದ್ಲೇ ಉಜ್ಜಾಕ ಶುರು ಮಾಡಣ್ಣಾ. ಬರೇ ಮೂರು ದಿನ ಐತಿ.”